ಪುಸ್ತಕದ ನಾಟಕ ರಂಗದ ನಾಟಕವಾಗುವುದು ಹೇಗೆ?

ನವೆಂಬರ್ ಹತ್ತಿರವಾದಂತೆ ಶಾಲೆಗಳು, ಕನ್ನಡ ಸಂಘಗಳು, ಬಡಾವಣೆಯ ಗೆಳೆಯರ ಬಳಗಗಳು ರಾಜ್ಯೋತ್ಸವಕ್ಕೆ ಒಂದು ನಾಟಕ ಆಡಲು ಹೊರಡುತ್ತವೆ. ಹೊರದೇಶಗಳ ಕನ್ನಡ ಕೂಟಗಳಲ್ಲೂ ಇದೇ ಸಡಗರ. ಆಡಿಸುವ ಹೊಣೆ ಬೀಳುವುದು ಹೆಚ್ಚಾಗಿ ಕನ್ನಡ ಮೇಷ್ಟ್ರ ಮೇಲೆ, ಇಲ್ಲವೇ ಕಾಲೇಜಿನ ದಿನಗಳಲ್ಲಿ ಒಮ್ಮೆ ಬಣ್ಣ ಹಚ್ಚಿದ್ದ ಯಾರದೋ ಮೇಲೆ. ಅವರು ಪುಸ್ತಕ ತರುತ್ತಾರೆ, ಪಾತ್ರ ಹಂಚುತ್ತಾರೆ, ಎಲ್ಲರೂ ಮಾತುಗಳನ್ನು ಉರು ಹೊಡೆಯುತ್ತಾರೆ. ಆದರೂ ಪ್ರದರ್ಶನದ ದಿನ ಅರ್ಧ ಸಭೆಗೆ ಕಥೆಯೇ ತಲುಪುವುದಿಲ್ಲ. ನಟರು ಮಾತು ಮರೆತಿರುವುದಿಲ್ಲ, ಶ್ರದ್ಧೆಗೂ ಕೊರತೆ ಇರುವುದಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

ಸಿನಿಮಾದಲ್ಲಿ ನಾವು ಏನು ನೋಡಬೇಕು ಎಂಬುದನ್ನು ಕ್ಯಾಮೆರಾ ತೀರ್ಮಾನಿಸುತ್ತದೆ. ನಾಯಕಿಯ ಕಣ್ಣಂಚಿನ ನೀರು ಮುಖ್ಯವಾದರೆ ಪರದೆಯ ತುಂಬ ಅದೇ ಕಾಣುತ್ತದೆ. ನಾಟಕದಲ್ಲಿ ಆ ಅನುಕೂಲವಿಲ್ಲ. ಇಡೀ ರಂಗ ಸದಾ ಕಣ್ಣ ಮುಂದಿರುತ್ತದೆ. ಪ್ರೇಕ್ಷಕರು ರಾಜನನ್ನೂ ನೋಡಬಹುದು, ಮೂಲೆಯಲ್ಲಿ ಪಂಚೆ ಸರಿಮಾಡಿಕೊಳ್ಳುತ್ತಿರುವ ಕಾವಲುಗಾರನನ್ನೂ ನೋಡಬಹುದು. ಒಂದು ಮಾತು ಕೇಳಿಸದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಕೇಳುವಂತಿಲ್ಲ. ಆದ್ದರಿಂದ ನಿರ್ದೇಶನ, ರಂಗಸಜ್ಜಿಕೆ, ಬೆಳಕು, ಸಂಗೀತ ಎಂದು ಬೇರೆ ಬೇರೆ ಹೆಸರಿನಲ್ಲಿ ನಡೆಯುವ ಕೆಲಸಗಳೆಲ್ಲ ಒಂದೇ ಪ್ರಶ್ನೆಯನ್ನು ಬಿಡಿಸುತ್ತಿರುತ್ತವೆ: ಈ ಕ್ಷಣದಲ್ಲಿ ನೋಡುವವರ ಕಣ್ಣು ಎಲ್ಲಿರಬೇಕು, ಕಿವಿಗೆ ಏನು ಬೀಳಬೇಕು?

ಮೊದಲು ಓದು, ಆಮೇಲೆ ಪಾತ್ರ ಹಂಚಿಕೆ

ಮೊದಲ ದಿನವೇ ಪಾತ್ರ ಹಂಚಿದರೆ ಪ್ರತಿಯೊಬ್ಬರೂ ತಮ್ಮ ಮಾತುಗಳಿಗೆ ಮಾತ್ರ ಗುರುತು ಹಾಕಿಕೊಂಡು ಮನೆಗೆ ಹೋಗುತ್ತಾರೆ. ಇಡೀ ನಾಟಕ ಯಾರ ತಲೆಯಲ್ಲೂ ಇರುವುದಿಲ್ಲ. ಅದಕ್ಕಾಗಿಯೇ ಅನುಭವಿ ತಂಡಗಳು ಮೊದಲ ಕೆಲವು ದಿನ ವೃತ್ತವಾಗಿ ಕುಳಿತು ಓದುತ್ತವೆ. ಇವತ್ತು ರಾಜನ ಮಾತು ಓದಿದವರು ನಾಳೆ ಸೇವಕನ ಮಾತು ಓದುತ್ತಾರೆ. ಆಗ ಪ್ರತಿ ದೃಶ್ಯಕ್ಕೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇಲ್ಲಿ ಯಾರಿಗೆ ಯಾರಿಂದ ಏನು ಬೇಕಾಗಿದೆ? ದೃಶ್ಯ ಶುರುವಾದಾಗ ಇದ್ದ ಯಾವ ಸಂಗತಿ ಮುಗಿಯುವ ಹೊತ್ತಿಗೆ ಬದಲಾಗಿದೆ? ಏನೂ ಬದಲಾಗಿಲ್ಲ ಎಂದಾದರೆ ಓದಿನಲ್ಲಿ ಏನೋ ತಪ್ಪಿಹೋಗಿದೆ ಎಂದೇ ತಿಳಿಯಬೇಕು.

ಆಡಲು ಒಪ್ಪಿಗೆ ಬೇಕೇ ಎಂಬುದು ಇದೇ ಹಂತದಲ್ಲಿ ತೀರ್ಮಾನವಾಗಬೇಕಾದ ವಿಷಯ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಾಟಕದ ಹಕ್ಕು ಲೇಖಕರ ಜೀವಿತಾವಧಿಗೂ, ಅವರು ತೀರಿಕೊಂಡ ಮೇಲೆ 60 ವರ್ಷಗಳಿಗೂ ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಅವರ ನಾಟಕಗಳಿಗೆ ಆ ಅವಧಿ ಮುಗಿದಿದೆ. 2019ರಲ್ಲಿ ನಿಧನರಾದ ಗಿರೀಶ ಕಾರ್ನಾಡರ ನಾಟಕಗಳಿಗೆ ಮುಗಿದಿಲ್ಲ. ಶಾಲೆಯ ಸಿಬ್ಬಂದಿ ಮತ್ತು ಮಕ್ಕಳು ತಮ್ಮವರೇ ಆದ ಸಭೆಗೆ, ಅಂದರೆ ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಗೆ ಸಂಬಂಧಪಟ್ಟವರ ಮುಂದೆ ಆಡುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹವ್ಯಾಸಿ ಸಂಘಗಳು ಹಣ ಪಡೆಯದೆ ತೋರಿಸುವುದಕ್ಕೂ ಇದೆ. ಟಿಕೆಟ್ ಇಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ. ವಿನಾಯಿತಿ ಇದ್ದಾಗಲೂ ಬದುಕಿರುವ ನಾಟಕಕಾರರಿಗೆ ಒಂದು ಪತ್ರ ಬರೆದು ತಿಳಿಸುವುದು ಒಳ್ಳೆಯ ವಾಡಿಕೆ.

ರಂಗ ಯಾವ ಆಕಾರದ್ದು?

ಸಭಾಂಗಣದ ಒಂದು ತುದಿಯಲ್ಲಿ ಎತ್ತರದ ವೇದಿಕೆ, ಅದಕ್ಕೊಂದು ಚೌಕಟ್ಟು, ಎಳೆಯುವ ಪರದೆ: ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂಥ ಈ ರಚನೆಯನ್ನು ಪ್ರೊಸೀನಿಯಂ ರಂಗ ಎನ್ನುತ್ತಾರೆ. ಇಲ್ಲಿ ಪ್ರೇಕ್ಷಕರೆಲ್ಲ ಒಂದೇ ಕಡೆ ಇರುತ್ತಾರೆ. ಅದೇ ಊರಿನಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ವೇದಿಕೆ ಸಭೆಯೊಳಕ್ಕೆ ಚಾಚಿಕೊಂಡಿದ್ದು, ಮೂರು ಕಡೆ ಜನ ಕೂರುತ್ತಾರೆ. ಬಯಲಿನಲ್ಲಿ ಆಡುವ ಯಕ್ಷಗಾನಕ್ಕೂ ಮೂರು ಕಡೆ ಪ್ರೇಕ್ಷಕರೇ; ನಾಲ್ಕನೆಯ ಕಡೆ ಭಾಗವತರು, ಅವರ ಹಿಂದೆ ಬಣ್ಣ ಹಚ್ಚುವ ಚೌಕಿ.

ಆಕಾರ ಬದಲಾದರೆ ನಟನೆಯೂ ಬದಲಾಗಬೇಕು. ಪ್ರೊಸೀನಿಯಂನಲ್ಲಿ ಸಭೆಗೆ ಬೆನ್ನು ತಿರುಗಿಸುವುದು ಬೇಕೆಂದೇ ಮಾಡುವ ಕೆಲಸ. ಮೂರು ಕಡೆ ಜನ ಇರುವಲ್ಲಿ ಯಾರಿಗಾದರೂ ಬೆನ್ನು ಕಂಡೇ ಕಾಣುತ್ತದೆ, ಹಾಗಾಗಿ ನಟರು ಓರೆಯಾಗಿ ನಿಲ್ಲುತ್ತಾರೆ, ಒಂದೇ ಜಾಗದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಎತ್ತರದ ಕಪಾಟು, ಗೋಡೆಗಳನ್ನು ಹಿಂಭಾಗದಲ್ಲಿ ಮಾತ್ರ ಇಡುತ್ತಾರೆ.

ಅಳತೆಯ ವಿಷಯದಲ್ಲಿ ಭರತನ ನಾಟ್ಯಶಾಸ್ತ್ರ ಹೇಳುವ ಮಾತು ಇಂದಿಗೂ ನಿಜ. ಆಯತ, ಚೌಕ, ತ್ರಿಕೋನ ಆಕಾರದ ನಾಟ್ಯಗೃಹಗಳನ್ನು ವಿವರಿಸಿ, ಮನುಷ್ಯರಿಗೆ 64 ಮೊಳ ಉದ್ದ, 32 ಮೊಳ ಅಗಲದ ಮಧ್ಯಮ ಗಾತ್ರ ಸಾಕು ಎನ್ನುತ್ತದೆ ಅದು. ಇಂದಿನ ಲೆಕ್ಕದಲ್ಲಿ ಸರಿಸುಮಾರು 96 ಅಡಿಗೆ 48 ಅಡಿ. ಅದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳದು, ಮುಖದ ಭಾವ ಕಾಣದು ಎಂಬ ಕಾರಣವನ್ನೂ ಕೊಡುತ್ತದೆ. ಕಲ್ಯಾಣ ಮಂಟಪದ ದೊಡ್ಡ ಹಾಲ್ ಸಿಕ್ಕಿತೆಂದು ಹಿಗ್ಗುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಯಾರು ಎಲ್ಲಿ ನಿಲ್ಲಬೇಕು

ನಟರು ಎಲ್ಲಿಂದ ಬರಬೇಕು, ಯಾವ ಮಾತಿಗೆ ಎಲ್ಲಿಗೆ ನಡೆಯಬೇಕು, ಎಲ್ಲಿ ಕೂರಬೇಕು ಎಂದು ಗೊತ್ತುಮಾಡುವುದನ್ನು ರಂಗಚಲನೆ ಎನ್ನುತ್ತಾರೆ. ತಂಡಗಳಲ್ಲಿ ಬ್ಲಾಕಿಂಗ್ ಎಂಬ ಮಾತೇ ಹೆಚ್ಚು ಬಳಕೆಯಲ್ಲಿದೆ. ಇದಕ್ಕಾಗಿ ವೇದಿಕೆಯನ್ನು ಮುಂದೆ, ನಡುವೆ, ಹಿಂದೆ ಎಂದು ಮೂರು ಸಾಲು, ಬಲ, ಮಧ್ಯ, ಎಡ ಎಂದು ಮೂರು ಕಂಬಸಾಲು ಮಾಡಿ ಒಂಬತ್ತು ಮನೆಗಳಾಗಿ ಎಣಿಸುತ್ತಾರೆ. ಬಲ ಎಡಗಳು ಯಾವಾಗಲೂ ಸಭೆಗೆ ಮುಖ ಮಾಡಿದ ನಟನ ಬಲ ಎಡಗಳೇ. ಈ ಒಪ್ಪಂದ ಮೊದಲ ದಿನವೇ ಆಗದಿದ್ದರೆ ತಾಲೀಮಿನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ಖಂಡಿತ.

ಹೊಸ ತಂಡಗಳು ಎಲ್ಲರನ್ನೂ ಮೈಕಿನ ಮುಂದೆ ಒಂದೇ ಗೆರೆಯಲ್ಲಿ ನಿಲ್ಲಿಸಿಬಿಡುತ್ತವೆ. ಗೆರೆಯಲ್ಲಿ ನಿಂತವರೆಲ್ಲ ಒಂದೇ ತೂಕದವರಾಗಿ ಕಾಣುತ್ತಾರೆ. ಯಾರನ್ನು ನೋಡಬೇಕೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಕಣ್ಣು ಕೆಲವು ಕಡೆಗೆ ತಾನಾಗಿ ಹೋಗುತ್ತದೆ: ಎಲ್ಲರೂ ನಿಂತಿರುವಾಗ ಚಲಿಸುವವನ ಕಡೆಗೆ, ಎಲ್ಲರೂ ಚಲಿಸುವಾಗ ನಿಂತವನ ಕಡೆಗೆ, ಗುಂಪಿನಿಂದ ಬೇರೆಯಾದವನ ಕಡೆಗೆ, ಎತ್ತರದಲ್ಲಿ ಇರುವವನ ಕಡೆಗೆ. ಇವೆಲ್ಲಕ್ಕಿಂತ ಬಲವಾದದ್ದು, ರಂಗದ ಮೇಲಿರುವ ಉಳಿದವರು ಯಾರನ್ನು ನೋಡುತ್ತಿದ್ದಾರೋ ಅವರ ಕಡೆಗೆ.

ನಮಗೆಲ್ಲ ಗೊತ್ತಿರುವ ದ್ಯೂತಸಭೆಯ ದೃಶ್ಯವನ್ನೇ ತೆಗೆದುಕೊಳ್ಳೋಣ. ತನ್ನನ್ನು ತಾನು ಸೋತವನಿಗೆ ನನ್ನನ್ನು ಪಣವಾಗಿ ಇಡುವ ಹಕ್ಕು ಎಲ್ಲಿತ್ತು ಎಂದು ದ್ರೌಪದಿ ಕೇಳುತ್ತಾಳೆ. ರಂಗದ ಮೇಲೆ ದುರ್ಯೋಧನ, ದುಶ್ಶಾಸನ, ಕರ್ಣ, ಶಕುನಿ, ಭೀಷ್ಮ, ಐವರು ಪಾಂಡವರು ಇದ್ದಾರೆ. ಆ ಪ್ರಶ್ನೆಯ ನಡುವೆ ದುಶ್ಶಾಸನ ಮೀಸೆ ತಿರುವುತ್ತ ಎರಡು ಹೆಜ್ಜೆ ಹಾಕಿದರೆ ಸಾಕು, ಪ್ರೇಕ್ಷಕರ ಕಣ್ಣು ಅವನತ್ತ ಹೊರಟುಹೋಗುತ್ತದೆ, ಪ್ರಶ್ನೆಯ ಅರ್ಧ ಭಾಗ ಕೇಳುವುದೇ ಇಲ್ಲ. ಎಲ್ಲರೂ ಅಲುಗಾಡದೆ ನಿಂತು ಅವಳನ್ನೇ ನೋಡುತ್ತಿದ್ದರೆ ಪ್ರಶ್ನೆ ಇಡಿಯಾಗಿ ತಲುಪುತ್ತದೆ. ಪ್ರಶ್ನೆ ಮುಗಿದ ಮೇಲೆ, ಮುಗಿದ ಮೇಲೆಯೇ, ಭೀಷ್ಮ ಮುಖವನ್ನು ಆ ಕಡೆಗೆ ತಿರುಗಿಸಿಕೊಳ್ಳಲಿ. ರಂಗದ ಮೇಲಿನ ಒಂದೇ ಒಂದು ಚಲನೆ ಅದು. ಸಭೆಯ ಕಣ್ಣೆಲ್ಲ ಅವನ ಮೇಲೆ ಬೀಳುತ್ತದೆ. ಹಿರಿಯನ ಅಸಹಾಯಕತೆಯನ್ನು ಹೇಳಲು ಅಲ್ಲಿ ಒಂದು ಮಾತೂ ಬೇಕಾಗುವುದಿಲ್ಲ. ಇದನ್ನೇ ನಿರ್ದೇಶನ ಎನ್ನುವುದು.

ಇಂಥ ಲೆಕ್ಕಾಚಾರದಿಂದ ಹುಟ್ಟಿದ ಎರಡು ರೂಢಿಗಳು ಎಲ್ಲ ತಂಡಗಳಲ್ಲೂ ಇವೆ. ಸಾಧ್ಯವಾದಷ್ಟೂ ನಿನ್ನ ಮಾತಿಗೇ ನೀನು ನಡೆ, ಇನ್ನೊಬ್ಬರ ಮಾತಿಗೆ ನಿಂತು ಕೇಳು. ಇನ್ನೊಂದು, ಒಬ್ಬರು ಇನ್ನೊಬ್ಬರನ್ನು ಮರೆಮಾಡದಂತೆ ತ್ರಿಕೋನಗಳಲ್ಲಿ ನಿಲ್ಲುವುದು. ಇದು ಸರಿಯಾಗಿದೆಯೇ ಎಂದು ತಿಳಿಯಲು ನಿರ್ದೇಶಕರು ಮಧ್ಯದ ಕುರ್ಚಿಯನ್ನು ಬಿಟ್ಟು ಎಡಬಲದ ಕೊನೆಯ ಕುರ್ಚಿಗಳಲ್ಲಿ ಕುಳಿತು ತಾಲೀಮು ನೋಡಬೇಕು.

ಮಾತು ಕೊನೆಯ ಸಾಲಿಗೆ ಹೋಗಬೇಕು

ಕೇಳಿಸುವುದಿಲ್ಲ ಎಂದಾಗ ಎಲ್ಲರೂ ಗಂಟಲು ಏರಿಸುತ್ತಾರೆ. ಗಂಟಲು ಏರಿಸಿದರೆ ಸದ್ದು ಹೆಚ್ಚುತ್ತದೆ, ಸ್ಪಷ್ಟತೆ ಹೆಚ್ಚುವುದಿಲ್ಲ; ಮೂರನೆಯ ದೃಶ್ಯದ ಹೊತ್ತಿಗೆ ಧ್ವನಿ ಒಡೆಯುತ್ತದೆ. ಹೊಟ್ಟೆಯ ಬುಡದಿಂದ ಉಸಿರು ತೆಗೆದು, ವ್ಯಂಜನಗಳನ್ನು ತುಟಿ ನಾಲಗೆಗಳಿಂದ ಒತ್ತಿ ಹೇಳಿದರೆ ಮೆಲ್ಲಗೆ ಆಡಿದ ಮಾತೂ ದೂರ ಹೋಗುತ್ತದೆ.

ಕನ್ನಡ ಆಡುವ ನಟರಿಗೆ ವಿಶೇಷವಾಗಿ ಎದುರಾಗುವ ಒಂದು ತೊಡಕಿದೆ. ನಮ್ಮ ವಾಕ್ಯದ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಪಳಗದ ನಟರ ಉಸಿರು ಮುಗಿಯುವುದೂ, ದನಿ ಇಳಿಯುವುದೂ ಅಲ್ಲಿಯೇ. 'ನಿನ್ನ ತಂದೆಯನ್ನು ಕೊಂದವನು ನಾನಲ್ಲ' ಎಂಬ ವಾಕ್ಯದ ಕೊನೆ ನುಂಗಿಹೋದರೆ ಸಭೆಗೆ ಕೇಳುವುದು ತಪ್ಪೊಪ್ಪಿಗೆ. ಮಾಡಿದನೋ ಮಾಡಲಿಲ್ಲವೋ, ಬಂದನೋ ಬರುವನೋ, ಹೇಳಿದ್ದು ಅವನೋ ಅವಳೋ, ಎಲ್ಲವೂ ಆ ಕೊನೆಯ ಒಂದೆರಡು ಅಕ್ಷರಗಳಲ್ಲಿ ಇರುತ್ತದೆ. ಹಾಗಾಗಿ ಕನ್ನಡ ನಾಟಕದ ತಾಲೀಮಿನಲ್ಲಿ ವಾಕ್ಯದ ಬಾಲವನ್ನು ಎತ್ತಿ ಹಿಡಿಯುವ ಅಭ್ಯಾಸವನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಬೇರೇನನ್ನೂ ಮಾಡಲು ಸಮಯವಿಲ್ಲದ ತಂಡ ಇದೊಂದನ್ನು ಮಾಡಿದರೂ ಫಲ ಕಾಣುತ್ತದೆ.

ನಗೆ ಬಂದಾಗ ಕಾಯುವುದೂ ಕಲಿಯಬೇಕಾದದ್ದೇ. ಸಭೆ ನಗುತ್ತಿರುವಾಗ ಮುಂದಿನ ಮಾತು ಆಡಿದರೆ ಅದು ಯಾರಿಗೂ ಕೇಳದು. ನಗೆ ಪೂರ್ತಿ ತಣ್ಣಗಾಗುವವರೆಗೆ ಕಾದರೆ ಓಟ ಕೆಡುತ್ತದೆ. ನಗೆ ಏರಿ ಇಳಿಯತೊಡಗಿದ ಹೊತ್ತಿನಲ್ಲಿ ಮಾತು ಎತ್ತಿಕೊಳ್ಳಬೇಕು.

ಅರಮನೆ ಕಟ್ಟಲೇಬೇಕೇ?

ನಾಟಕ ನಡೆಯುವ ಜಾಗವನ್ನು ತೋರಿಸುವ ಏರ್ಪಾಡು ರಂಗಸಜ್ಜಿಕೆ. ನಟರು ಕೈಯಲ್ಲಿ ಹಿಡಿಯುವ, ಬಳಸುವ ವಸ್ತುಗಳು ರಂಗಪರಿಕರ. ಬಟ್ಟೆ, ಒಡವೆ, ಮುಖದ ಬಣ್ಣಗಳನ್ನು ನಾಟ್ಯಶಾಸ್ತ್ರ ಆಹಾರ್ಯ ಎನ್ನುತ್ತದೆ. ದೇಹ, ಮಾತು, ಒಳಭಾವಗಳ ಜೊತೆಗೆ ಅದೂ ಅಭಿನಯದ ನಾಲ್ಕು ಬಗೆಗಳಲ್ಲಿ ಒಂದು.

ಗುಬ್ಬಿ ವೀರಣ್ಣನವರ ಕಂಪನಿಯ ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದವು. ಆದರೆ ವೃತ್ತಿ ಕಂಪನಿಗಳ ದಿಟವಾದ ಜಾಣ್ಮೆ ಇದ್ದದ್ದು ಪರದೆಗಳಲ್ಲಿ. ಬಣ್ಣದಲ್ಲಿ ಬರೆದ ಬೀದಿಯ ಪರದೆಯೊಂದನ್ನು ವೇದಿಕೆಯ ಮುಂಭಾಗಕ್ಕೆ ಇಳಿಬಿಡುತ್ತಿದ್ದರು. ಅದರ ಮುಂದಿನ ಕಿರಿದಾದ ಜಾಗದಲ್ಲಿ ಇಬ್ಬರು ಹಾಸ್ಯಗಾರರು ಮಾತಾಡುತ್ತಿರುವಾಗ, ಹಿಂದೆ ಸದ್ದಿಲ್ಲದೆ ದರ್ಬಾರು ಸಿದ್ಧವಾಗುತ್ತಿತ್ತು. ಮಾತು ಮುಗಿದು ಪರದೆ ಮೇಲೆದ್ದರೆ ಸಿಂಹಾಸನವೇ ಎದುರಿಗೆ. ಒಂದು ಆಳದ ದೃಶ್ಯ, ಒಂದು ತೆಳುವಾದ ದೃಶ್ಯ ಎಂಬ ಈ ಪಾರ್ಸಿ ರಂಗಭೂಮಿಯ, ಅಂದರೆ ಮುಂಬೈಯ ಪಾರ್ಸಿಗಳು ಕಟ್ಟಿದ ನಾಟಕ ಕಂಪನಿಗಳ ಪದ್ಧತಿಯನ್ನು ಕಾರ್ನಾಡರು 1964ರ 'ತುಘಲಕ್' ನಾಟಕದ ಕಟ್ಟಡದಲ್ಲೇ ಬಳಸಿಕೊಂಡರು. ಸುಲ್ತಾನನ ಆಸ್ಥಾನ ಆಳದಲ್ಲಿ, ಅಜೀಜ್ ಮತ್ತು ಆಜಮ್‌ರ ಆಟಗಳು ಮುಂದಿನ ತೆಳು ಜಾಗದಲ್ಲಿ. ಬರವಣಿಗೆಗೂ ರಂಗದ ಅನುಕೂಲಕ್ಕೂ ಇಷ್ಟು ಹತ್ತಿರದ ನಂಟಿರುತ್ತದೆ.

ಅಸಾಧ್ಯವೆನಿಸುವುದನ್ನು ತೋರಿಸಲೂ ದೊಡ್ಡ ಖರ್ಚು ಬೇಕಾಗಿಲ್ಲ. ಕಾರ್ನಾಡರದೇ 'ಹಯವದನ'ದಲ್ಲಿ ದೇವದತ್ತ, ಕಪಿಲರ ತಲೆಗಳು ಅದಲುಬದಲಾಗುತ್ತವೆ. ಮುಖವಾಡ ತೊಟ್ಟ ಇಬ್ಬರು ನಟರು ಮುಖವಾಡಗಳನ್ನು ಬದಲಾಯಿಸಿಕೊಳ್ಳುತ್ತಾರೆ, ಅಷ್ಟೇ. ನೋಡುವವರು ಅದನ್ನು ಮರುಮಾತಿಲ್ಲದೆ ಒಪ್ಪುತ್ತಾರೆ, ಏಕೆಂದರೆ ಮುಖವಾಡವೇ ಮುಖ ಎಂಬ ಒಪ್ಪಂದವನ್ನು ನಾಟಕ ಮೊದಲೇ ಮಾಡಿಕೊಂಡಿರುತ್ತದೆ. ಯಕ್ಷಗಾನದಲ್ಲಿ ಇಬ್ಬರು ಹಿಡಿದ ಒಂದು ತುಂಡು ತೆರೆ ಸಾಕು, ರಾಕ್ಷಸ ಇನ್ನೂ ಬಂದಿಲ್ಲ ಎಂದೂ, ಬರುತ್ತಿದ್ದಾನೆ ಎಂದೂ ಒಟ್ಟಿಗೆ ಹೇಳಲು.

ಸಾಗರ ತಾಲ್ಲೂಕಿನ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟ ಇದಕ್ಕೆ ಕಣ್ಣೆದುರಿನ ಪಾಠ. ತಂಡ ಊರಿಂದ ಊರಿಗೆ ಹೋಗುತ್ತದೆ. ಇವತ್ತು ಸುಸಜ್ಜಿತ ರಂಗಮಂದಿರ, ನಾಳೆ ಶಾಲೆಯ ಅಂಗಳ. ಸಜ್ಜಿಕೆ ವಾಹನದಲ್ಲಿ ಹಿಡಿಸಬೇಕು, ಮಧ್ಯಾಹ್ನ ಕಟ್ಟಿ ರಾತ್ರಿ ಬಿಚ್ಚುವಂತಿರಬೇಕು. ಹೀಗಾಗಿ ಒಂದೇ ಮೆಟ್ಟಿಲ ತುಂಡು ಸಿಂಹಾಸನವೂ ಬೆಟ್ಟವೂ ಜಗಲಿಯೂ ಆಗುವಂಥ ವಿನ್ಯಾಸಗಳಿಗೆ ಬೆಲೆ. ಹೊಸ ತಂಡಗಳೂ ಇದೇ ದಾರಿ ಹಿಡಿಯುವುದು ಮೇಲು. ಬಾಡಿಗೆಗೆ ಸಿಗುವ ಅರಮನೆಯ ಸೀನರಿಯನ್ನು ಸುಮ್ಮನೆ ನೇತುಹಾಕಿದರೆ ಅದು ನಟರ ಹಿಂದೆ ಕಿರುಚುತ್ತ ನಿಲ್ಲುತ್ತದೆ.

ಬೆಳಕು ಮಾಡುವ ಕೆಲಸ

ಬೆಳಕಿನ ಮೊದಲ ಕೆಲಸ ಮುಖ ಕಾಣಿಸುವುದು. ಎದುರಿನಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಮೂಗು, ಕೆನ್ನೆ, ಕಣ್ಣಿನ ಗುಳಿಗಳ ನೆರಳು ಅಳಿಸಿಹೋಗಿ ಮುಖ ಚಪ್ಪಟೆಯಾಗುತ್ತದೆ. ನೆತ್ತಿಯ ಮೇಲಿಂದ ಮಾತ್ರ ಬಿದ್ದರೆ ಕಣ್ಣುಗಳು ಕತ್ತಲಲ್ಲಿ ಉಳಿಯುತ್ತವೆ. ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ 1930ರ ದಶಕದಲ್ಲಿ ರೂಪಿಸಿದ ಕ್ರಮವನ್ನೇ ಇಂದಿಗೂ ಮೊದಲ ಪಾಠವಾಗಿ ಕಲಿಸುತ್ತಾರೆ: ರಂಗದ ಪ್ರತಿ ಭಾಗಕ್ಕೂ ಮುಂದಿನ ಎಡಬಲಗಳಿಂದ, ಸುಮಾರು 45 ಡಿಗ್ರಿ ಕೋನದಲ್ಲಿ, ಎರಡು ದೀಪಗಳು, ಒಂದಕ್ಕೆ ಬೆಚ್ಚನೆಯ ಬಣ್ಣ, ಇನ್ನೊಂದಕ್ಕೆ ತಂಪು ಬಣ್ಣ. ಹಿಂದಿನಿಂದ ಒಂದು ದೀಪ ಬಿದ್ದರೆ ನಟ ಪರದೆಯಿಂದ ಬಿಡಿಸಿಕೊಂಡು ನಿಲ್ಲುತ್ತಾನೆ.

ಬೆಳಕೇ ಕಥೆ ಹೇಳಿದ್ದಕ್ಕೆ ದೊಡ್ಡ ನಿದರ್ಶನ ಬಂಗಾಳದ್ದು. 1959ರಲ್ಲಿ ಕೋಲ್ಕತ್ತಾದ ಮಿನರ್ವಾ ರಂಗಮಂದಿರದಲ್ಲಿ ಉತ್ಪಲ್ ದತ್ ಆಡಿಸಿದ 'ಅಂಗಾರ್' ನಾಟಕದ ಕೊನೆಯಲ್ಲಿ ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಕಾರ್ಮಿಕರು ಮುಳುಗಬೇಕು. ಬೆಳಕಿನ ವಿನ್ಯಾಸಕ ತಾಪಸ್ ಸೇನ್ ಆ ನೀರಿನ ಏರಿಕೆಯನ್ನು ಬೆಳಕಿನಿಂದಲೇ ಕಾಣಿಸಿದರು.

ಇಲ್ಲಿ ವಿದ್ಯುತ್ತಿನ ಲೆಕ್ಕ ತಪ್ಪಬಾರದು. ಹಳೆಯ ಹ್ಯಾಲೋಜನ್ ದೀಪ ಒಂದಕ್ಕೆ 1000 ವ್ಯಾಟ್ ಬೇಕು. ಹತ್ತು ದೀಪಗಳೆಂದರೆ 10,000 ವ್ಯಾಟ್, 230 ವೋಲ್ಟ್‌ನಲ್ಲಿ ಸುಮಾರು 43 ಆಂಪಿಯರ್. ಸಭಾಂಗಣದ ಗೋಡೆಯಲ್ಲಿರುವ ದೊಡ್ಡ ಪ್ಲಗ್ ತಾಳುವುದು 16 ಆಂಪಿಯರ್ ಮಾತ್ರ. ಬಟ್ಟೆಯ ಪರದೆಗಳ ನಡುವೆ ತಂತಿ ಬಿಸಿಯಾದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಪ್ರತ್ಯೇಕ ಸಂಪರ್ಕ ಅಥವಾ ಜನರೇಟರ್, ಜೊತೆಗೆ ಅನುಭವವುಳ್ಳ ಎಲೆಕ್ಟ್ರಿಷಿಯನ್ ಇರಲೇಬೇಕು. ಎಲ್‌ಇಡಿ ದೀಪಗಳು ಬಂದ ಮೇಲೆ ಈ ಹೊರೆ ಬಹಳ ಇಳಿದಿದೆ.

ಹಾಡು ಮತ್ತು ಸದ್ದು

ಮಂಡ್ಯ, ತುಮಕೂರು ಕಡೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರೇ ನಿರ್ದೇಶಕರು. ಅಲ್ಲಿ ಕಂದಪದ್ಯ, ರಂಗಗೀತೆಗಳೇ ನಾಟಕದ ಪ್ರಾಣ. ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿ, ಮುಂದೆ 1989ರಲ್ಲಿ ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರಾದ ಬಿ.ವಿ. ಕಾರಂತರು ಈ ಹಾಡಿನ ಪರಂಪರೆಯನ್ನು ಆಧುನಿಕ ನಾಟಕಕ್ಕೆ ಕರೆತಂದರು. ವಾದ್ಯಗಳಲ್ಲದ ವಸ್ತುಗಳ ಸದ್ದೂ ಅವರ ಕೈಯಲ್ಲಿ ಸಂಗೀತವಾಯಿತು. ಹೊಸಬರು ಮೊಬೈಲಿನಿಂದ ಸಿನಿಮಾ ಹಿನ್ನೆಲೆ ಸಂಗೀತ ಹಾಕುವ ಬದಲು ಒಂದು ತಮಟೆ, ಒಂದು ಜೊತೆ ತಾಳ ಹಿಡಿದು ಕೂರುವುದು ಉತ್ತಮ. ರಂಗದ ಪಕ್ಕದಲ್ಲಿ ಕುಳಿತು ನುಡಿಸುವವರು ನಟನ ಉಸಿರನ್ನು ನೋಡಿ ನಿಲ್ಲಿಸಬಲ್ಲರು, ಯಂತ್ರಕ್ಕೆ ಅದು ತಿಳಿಯದು.

ತೆರೆಯ ಹಿಂದಿನ ಯಜಮಾನ

ಪ್ರದರ್ಶನ ಶುರುವಾದ ಮೇಲೆ ನಿರ್ದೇಶಕರಿಗೆ ಕೆಲಸವಿಲ್ಲ. ಅಂದಿನ ಯಜಮಾನಿಕೆ ರಂಗನಿರ್ವಾಹಕರದು. ಮದುವೆ ಮನೆಯಲ್ಲಿ ಮುಹೂರ್ತಕ್ಕೆ ತಾಳಿ, ಅಕ್ಷತೆ, ಪುರೋಹಿತರು, ಓಲಗದವರು ಎಲ್ಲ ಒಂದೇ ಹೊತ್ತಿಗೆ ಸೇರುವಂತೆ ಓಡಾಡುವ ಒಬ್ಬ ಸೋದರಮಾವ ಇರುತ್ತಾನಲ್ಲ, ಅವನ ಸ್ಥಾನ ಅದು. ಅವರ ಕೈಯಲ್ಲಿ ಒಂದು ಪ್ರತಿ ಇರುತ್ತದೆ. ಅದರ ಅಂಚಿನಲ್ಲಿ ಯಾವ ಮಾತಿಗೆ ಬೆಳಕು ಬದಲಾಗಬೇಕು, ಯಾವ ಮಾತಿಗೆ ಗಂಟೆ ಬಾರಿಸಬೇಕು, ಯಾರು ಯಾವ ಪಕ್ಕದ ಮರೆಯಿಂದ (ಸೈಡ್ ವಿಂಗ್) ಏನು ಹಿಡಿದು ಬರಬೇಕು ಎಂದೆಲ್ಲ ಬರೆದಿರುತ್ತದೆ. ಪರಿಕರಗಳನ್ನು ಒಂದು ಮೇಜಿನ ಮೇಲೆ ಗುರುತು ಹಾಕಿ ಜೋಡಿಸಿಡುವುದು, ಬಳಸಿದ ಮೇಲೆ ಅಲ್ಲಿಗೇ ಮರಳಿಸುವುದು ಅವರು ವಿಧಿಸುವ ಶಿಸ್ತು. ಮೊದಲ ಗಂಟೆ, ಎರಡನೆಯ ಗಂಟೆ, ಮೂರನೆಯ ಗಂಟೆ ಹೊಡೆಯುವ ಅಧಿಕಾರವೂ ಅವರದೇ. ಮುಖ್ಯ ಅತಿಥಿ ಇನ್ನೂ ಬಂದಿಲ್ಲ ಎಂದು ಮೂರನೆಯ ಗಂಟೆಯನ್ನು ಮುಂದಕ್ಕೆ ಹಾಕಿದರೆ ಬಣ್ಣ ಹಚ್ಚಿ ಕಾದು ನಿಂತ ನಟರ ಬಿಸಿ ಆರಿಹೋಗುತ್ತದೆ.

ಒಂದೂವರೆ ಗಂಟೆಯ ನಾಟಕಕ್ಕೆ ಹವ್ಯಾಸಿ ತಂಡಗಳು ಒಂದೆರಡು ತಿಂಗಳ ಸಂಜೆಗಳನ್ನು ಕೊಡಬೇಕಾಗುತ್ತದೆ. ಅದರಲ್ಲಿ ಕೊನೆಯ ಎರಡು ತಾಲೀಮುಗಳನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಒಂದು ತಾಂತ್ರಿಕ ತಾಲೀಮು: ಇಲ್ಲಿ ನಟರು ಪೂರ್ತಿ ಅಭಿನಯಿಸುವುದಿಲ್ಲ, ಬೆಳಕು ಮತ್ತು ಸದ್ದು ಬದಲಾಗುವ ಜಾಗಗಳನ್ನು ಮಾತ್ರ ನಿಲ್ಲಿಸಿ ನಿಲ್ಲಿಸಿ ಸರಿಪಡಿಸುತ್ತಾರೆ. ಇನ್ನೊಂದು ಗ್ರ್ಯಾಂಡ್ ರಿಹರ್ಸಲ್: ಬಣ್ಣ, ಬಟ್ಟೆ, ದೀಪ ಎಲ್ಲದರೊಡನೆ, ಎಲ್ಲೂ ನಿಲ್ಲಿಸದೆ, ಸಭೆ ಎದುರಿಗಿದೆ ಎಂದುಕೊಂಡು ಆಡುವುದು. ರೇಷ್ಮೆ ಸೀರೆಯುಟ್ಟು ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ, ಕಿರೀಟ ಇಟ್ಟರೆ ಕತ್ತು ಎಷ್ಟು ತಿರುಗುತ್ತದೆ, ಬಟ್ಟೆ ಬದಲಿಸಲು ನಾಲ್ಕು ಮಾತುಗಳಷ್ಟು ಹೊತ್ತು ಸಾಕೇ ಎಂಬುದೆಲ್ಲ ಗೊತ್ತಾಗುವುದು ಆಗಲೇ.

ಆ ರಿಹರ್ಸಲ್‌ನಲ್ಲಿ ಕೊನೆಯ ವಂದನೆಯನ್ನೂ ಅಭ್ಯಾಸ ಮಾಡಿಸಬೇಕು. ಯಾರ ನಂತರ ಯಾರು ಬರುತ್ತಾರೆ, ಎಲ್ಲರೂ ಒಟ್ಟಿಗೆ ಬಾಗುವುದು ಯಾರ ಸನ್ನೆಗೆ, ತೆರೆಯ ಹಿಂದೆ ದುಡಿದವರನ್ನು ಯಾರು ಕರೆಯುತ್ತಾರೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಬೆಳಕಿನವರು ಅದಕ್ಕೂ ಒಂದು ಗುರುತು ಬರೆದುಕೊಳ್ಳುತ್ತಾರೆ.